ಆನ್‌ಲೈನ್‌ನಲ್ಲಿ ಯಾರಾದರೂ ಕಾಡುತ್ತಿದ್ದರೆ: ಮೊದಲು ಪುರಾವೆ, ಆಮೇಲೆ ಬ್ಲಾಕ್

"ನನ್ನ ಫೋಟೋ ಹಾಕಿ ಯಾರೋ ಫೇಕ್ ಅಕೌಂಟ್ ಮಾಡ್ಯಾರ." "ಊರಿನ ಗ್ರೂಪಿನಾಗ ನನ್ನ ಬಗ್ಗೆ ಹೊಲಸು ಬರೀಲಿಕತ್ತಾರ." "ದಿನಾ ರಾತ್ರಿ ಬೇರೆ ಬೇರೆ ನಂಬರಿನಿಂದ ಮೆಸೇಜ್ ಬರ್ತಾವ್ರಿ, ಏನ್ ಮಾಡ್ಲಿ?"

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳುವ ಹೊತ್ತಿಗೆ ಬಹಳ ಜನ ಒಂದು ಕೆಲಸ ಮಾಡಿ ಮುಗಿಸಿರುತ್ತಾರೆ. ಹೆದರಿಕೆಯಲ್ಲೋ ಸಿಟ್ಟಿನಲ್ಲೋ ಚಾಟ್ ಡಿಲೀಟ್ ಮಾಡಿ, ನಂಬರ್ ಬ್ಲಾಕ್ ಮಾಡಿ, ಸಿಮ್ ಬದಲಾಯಿಸಿರುತ್ತಾರೆ. ಆಮೇಲೆ ಠಾಣೆಗೆ ಹೋದರೆ ತೋರಿಸೋಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಇಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎನ್ನುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮಾತ್ರ ಈ ಕ್ರಮಕ್ಕೆ ಹೊರತು. "ಮನೆ ಹತ್ರ ಬರ್ತೀನಿ, ಆಸಿಡ್ ಹಾಕ್ತೀನಿ" ಎಂಬಂಥ ಬೆದರಿಕೆ ಬಂದು, ಅವನು ಹತ್ತಿರದಲ್ಲೇ ಇದ್ದಾನೆ ಅನ್ನಿಸಿದರೆ ಮುಂದಿನದ್ದನ್ನು ಓದುತ್ತಾ ಕೂರಬೇಡಿ. 112ಕ್ಕೆ ಕರೆ ಮಾಡಿ.

ಕೈಯಲ್ಲಿ ಇರಬೇಕಾದವು

ಮೆಸೇಜ್ ಬಂದ ಫೋನ್, ಇನ್ನೊಂದು ಫೋನ್ (ಮನೆಯವರದ್ದಾದರೂ ಸರಿ), ಒಂದು ನೋಟ್‌ಬುಕ್, ಒಂದು ಪೆನ್‌ಡ್ರೈವ್, ಆಧಾರ್ ಅಥವಾ ಬೇರೆ ಗುರುತಿನ ಚೀಟಿ. ಜೊತೆಗೆ ನಂಬಿಕೆಯ ಒಬ್ಬ ಮನುಷ್ಯ. ಅಕ್ಕ, ಗೆಳತಿ, ಮೇಷ್ಟ್ರು, ಯಾರಾದರೂ ಆಗಲಿ. ಇಂಥ ಮೆಸೇಜುಗಳನ್ನು ಒಬ್ಬರೇ ಕೂತು ಮತ್ತೆ ಮತ್ತೆ ಓದುವುದು ಸುಲಭದ ಕೆಲಸ ಅಲ್ಲ. ಸ್ಕ್ರೀನ್‌ಶಾಟ್ ತೆಗೆಯುವ ಕೆಲಸವನ್ನು ಅವರಿಗೇ ವಹಿಸಬಹುದು.

1. ಉತ್ತರ ಕೊಡಬೇಡಿ, ಅಳಿಸಲೂ ಬೇಡಿ

ಕಾಡುವವನಿಗೆ ಬೇಕಾಗಿರುವುದೇ ನಿಮ್ಮ ಉತ್ತರ. ಬೈದರೂ ಅವನಿಗೆ ಸಂತೋಷ, ಅತ್ತರೂ ಸಂತೋಷ. ಇನ್ನೊಂದು ಕಾರಣವೂ ಇದೆ. ನೀವು ಸಿಟ್ಟಿನಲ್ಲಿ ಬರೆದ ಒಂದು ಸಾಲನ್ನಷ್ಟೇ ಕತ್ತರಿಸಿ ತೋರಿಸಿ "ನೋಡ್ರಿ, ಮೊದಲು ಬೈದದ್ದು ಇವರೇ" ಎನ್ನುತ್ತಾನೆ.

ಹಾಗಂತ ಪೂರ್ತಿ ಮೌನವೇ ಸರಿ ಅಂತಲ್ಲ. ಪರಿಚಯದವನಾಗಿದ್ದರೆ ಒಂದೇ ಸಲ, ಒಂದೇ ಸಾಲು ಕಳಿಸಿ: "ನನಗೆ ಇನ್ನು ಮುಂದೆ ಮೆಸೇಜ್ ಮಾಡಬೇಡ." ಇದು ಮುಂದೆ ಕೆಲಸಕ್ಕೆ ಬರುತ್ತದೆ. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಗಂಡಸೊಬ್ಬ ಹೆಣ್ಣುಮಗಳ ಬೆನ್ನು ಬಿದ್ದರೆ ಅದು ಹಿಂಬಾಲಿಸುವ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೇ ಕಲಂ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ ಇದೆ. ಒಬ್ಬಳ ಇಂಟರ್ನೆಟ್ ಬಳಕೆಯ ಮೇಲೆ ಕದ್ದು ಕಣ್ಣಿಡುವುದೂ ಇದರೊಳಗೇ ಬರುತ್ತದೆ.

ಎಚ್ಚರ: ದುಡ್ಡು ಕೇಳುತ್ತಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಗುರುತಿಲ್ಲದ ಹುಡುಗಿಯ ಹೆಸರಿನಲ್ಲಿ ವಿಡಿಯೋ ಕಾಲ್ ಮಾಡಿ, ಅದನ್ನು ರೆಕಾರ್ಡ್ ಮಾಡಿಕೊಂಡು ಹೆದರಿಸುವ ದಂಧೆ ಇದೆ. ಸಾಲದ ಆ್ಯಪ್‌ನವರು ಫೋಟೋ ತಿರುಚಿ ಕಾಂಟ್ಯಾಕ್ಟ್‌ನಲ್ಲಿರುವ ಎಲ್ಲರಿಗೂ ಕಳಿಸುವುದೂ ಇದೆ. ಕೊಟ್ಟರೆ ಬಿಡುವುದಿಲ್ಲ. ಕೊಡುವವರು ಸಿಕ್ಕರು ಅಂತ ಇನ್ನೂ ಹೆಚ್ಚು ಕೇಳುತ್ತಾರೆ. ಗಂಡಸರು, ಹುಡುಗರು ಇದರಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ. ನಾಚಿಕೆಗೆ ಬಾಯಿ ಬಿಡುವುದೂ ಅವರೇ ಕಡಿಮೆ. ಈಗಾಗಲೇ ಕೊಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ.

2. ಪುರಾವೆ ಕೂಡಿಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಲ್ಲಿ ಒಂದು ಗಂಟೆ ಕೊಟ್ಟರೆ ಮುಂದೆ ತಿಂಗಳುಗಟ್ಟಲೆ ಅಲೆಯುವುದು ತಪ್ಪುತ್ತದೆ.

ಸ್ಕ್ರೀನ್‌ಶಾಟ್ ಎಂದರೆ ಬರೀ ಆ ಕೆಟ್ಟ ಸಾಲಿನ ಚಿತ್ರ ಅಲ್ಲ. ಯಾರು ಕಳಿಸಿದರು, ಯಾವ ದಿನ, ಎಷ್ಟು ಗಂಟೆಗೆ ಎನ್ನುವುದೂ ಕಾಣಬೇಕು. ನಂಬರ್ ಸೇವ್ ಆಗಿದ್ದರೆ ವಾಟ್ಸಾಪಿನಲ್ಲಿ ಮೇಲೆ ಹೆಸರು ಮಾತ್ರ ಕಾಣುತ್ತದೆ. ಆ ಹೆಸರಿನ ಮೇಲೆ ಒತ್ತಿ, ನಂಬರ್ ಇರುವ ಪುಟದ್ದೂ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಡಿಪಿಯನ್ನೂ ಬಿಡಬೇಡಿ. ಬೈಗುಳದ ಹಿಂದೆ ಮುಂದೆ ಇರುವ ಮೆಸೇಜುಗಳೂ ಬರಲಿ, ಆಗ ಮಾತಿನ ಸಂದರ್ಭ ತಿಳಿಯುತ್ತದೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಆದದ್ದಾದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು. ಪ್ರೊಫೈಲಿನ ಲಿಂಕ್, ಆ ಪೋಸ್ಟ್ ಅಥವಾ ಕಮೆಂಟಿನ ಲಿಂಕ್ ಎರಡನ್ನೂ ಕಾಪಿ ಮಾಡಿ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಫೇಕ್ ಅಕೌಂಟಿನವರು ಹೆಸರು, ಫೋಟೋ ಬದಲಾಯಿಸುತ್ತಲೇ ಇರುತ್ತಾರೆ. ಪೊಲೀಸರು ಕಂಪನಿಗೆ ಪತ್ರ ಬರೆಯುವಾಗ ಕೇಳುವುದು ಲಿಂಕನ್ನೇ.

ವಾಟ್ಸಾಪಿನಲ್ಲಿ ಪೂರ್ತಿ ಚಾಟನ್ನು ಹೊರತೆಗೆಯುವ ದಾರಿ ಇದೆ. ಚಾಟ್ ತೆರೆದು, ಮೂರು ಚುಕ್ಕಿ ಒತ್ತಿ, 'ಎಕ್ಸ್‌ಪೋರ್ಟ್ ಚಾಟ್' ಆರಿಸಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಒಮ್ಮೆ ಮಾತ್ರ ನೋಡಬಹುದಾದ ಫೋಟೋ ಬಂದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ. ಆಗ ಇನ್ನೊಂದು ಫೋನಿನಿಂದ ಪರದೆಯ ಚಿತ್ರ ಹಿಡಿಯಿರಿ. ತಾನಾಗಿಯೇ ಮಾಯವಾಗುವ ಮೆಸೇಜುಗಳಿಗೂ ಇದೇ ಉಪಾಯ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ನಂಬರ್ ಅಥವಾ ಅಕೌಂಟ್ ಹೆಸರು, ಏನಾಯಿತು, ಯಾರು ನೋಡಿದರು ಎಂದು ಬರೆಯುತ್ತಾ ಹೋಗಿ. ಕರೆ ಬಂದಿದ್ದರೆ ಕಾಲ್ ಲಿಸ್ಟಿನದ್ದೂ ಒಂದು ಸ್ಕ್ರೀನ್‌ಶಾಟ್ ಇರಲಿ.

ಇಲ್ಲಿ ಆಗುವ ತಪ್ಪುಗಳು ಹಲವು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಎಲ್ಲಾ ಸ್ಕ್ರೀನ್‌ಶಾಟ್‌ಗಳನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿಬಿಡುತ್ತಾರೆ. ಅಲ್ಲಿಗೆ ನಿಮ್ಮ ಖಾಸಗಿ ವಿಷಯ ಅಂಗಡಿಯ ಫೋನಿನಲ್ಲೂ ಇತ್ತು, ಕಂಪ್ಯೂಟರಿನಲ್ಲೂ ಇತ್ತು ಅಂತಾಯಿತು. ಪೆನ್‌ಡ್ರೈವ್ ಒಯ್ಯಿರಿ, ಅದರಿಂದಲೇ ನೇರ ಪ್ರಿಂಟ್ ಹಾಕಿಸಿ. ಖಾಸಗಿ ಫೋಟೋಗಳನ್ನಂತೂ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಲೇ ಬೇಡಿ. ಫೋನಿನಲ್ಲೇ ಪೊಲೀಸರಿಗೆ ತೋರಿಸಿದರೆ ಸಾಕು. ಸ್ಕ್ರೀನ್‌ಶಾಟ್ ಮೇಲೆ ಕೆಂಪು ಗೆರೆ ಎಳೆಯುವುದು, ಕತ್ತರಿಸುವುದು ಬೇಡ. ಫೋನನ್ನು ರೀಸೆಟ್ ಮಾಡಿಸುವುದಂತೂ ಬೇಡವೇ ಬೇಡ. ನ್ಯಾಯಾಲಯಕ್ಕೆ ಡಿಜಿಟಲ್ ಪುರಾವೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಮೆಸೇಜ್ ಬಂದ ಮೂಲ ಫೋನ್ ಇದ್ದ ಹಾಗೇ ಇದ್ದರೆ ಆ ಕೆಲಸ ಸಲೀಸು.

18 ವರ್ಷದೊಳಗಿನ ಮಕ್ಕಳ ಅಶ್ಲೀಲ ಫೋಟೋ ಅಥವಾ ವಿಡಿಯೋ ಆದರೆ ಲೆಕ್ಕ ಬೇರೆ. ಅದನ್ನು ಇನ್ನೊಂದು ಫೋನಿಗೆ ಕಳಿಸಬೇಡಿ, 'ಪುರಾವೆಗೆ ಇರಲಿ' ಎಂದು ನಾಲ್ಕು ಜನರಿಗೆ ಹಂಚಬೇಡಿ. ಹಂಚುವುದೇ ಅಪರಾಧ. ಬಂದ ಫೋನನ್ನು ಹಾಗೇ ಹಿಡಿದುಕೊಂಡು ಠಾಣೆಗೆ ಹೋಗಿ.

3. ಈಗ ಬ್ಲಾಕ್ ಮಾಡಿ, ಬಾಗಿಲು ಭದ್ರ ಮಾಡಿಕೊಳ್ಳಿ

ಪುರಾವೆ ಸಿಕ್ಕಿತು ಅಂದಮೇಲೆ ಮೊದಲು ರಿಪೋರ್ಟ್, ಆಮೇಲೆ ಬ್ಲಾಕ್. ವಾಟ್ಸಾಪಿನಲ್ಲಿ ರಿಪೋರ್ಟ್ ಮಾಡಿದರೆ ಅವನು ಕಳಿಸಿದ ಕೊನೆಯ 5 ಮೆಸೇಜುಗಳು ಕಂಪನಿಗೆ ಹೋಗುತ್ತವೆ. ರಿಪೋರ್ಟ್ ಮಾಡಿದ್ದು ನೀವೇ ಎಂದು ಅವನಿಗೆ ತಿಳಿಸುವುದಿಲ್ಲ. ಅದರ ಜೊತೆಗೇ ಚಾಟ್ ಅಳಿಸುವ ಆಯ್ಕೆಯೂ ಬರಬಹುದು. ಓದದೆ ಸುಮ್ನೆ 'ಓಕೆ' ಒತ್ತಬೇಡಿ.

ಬ್ಲಾಕ್ ಮಾಡಿದರೆ ಗೊತ್ತಾಗಿ ಇನ್ನಷ್ಟು ಕೆರಳುತ್ತಾನೆ ಎಂಬ ಭಯ ಇದ್ದರೆ ಇನ್‌ಸ್ಟಾಗ್ರಾಂನಲ್ಲಿ 'ರಿಸ್ಟ್ರಿಕ್ಟ್' ಬಳಸಿ. ಅವನ ಕಮೆಂಟ್ ಅವನಿಗಷ್ಟೇ ಕಾಣುತ್ತದೆ, ನೀವು ಆನ್‌ಲೈನ್ ಇದ್ದೀರೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ಒಂದೇ ಕಾಲೇಜು, ಒಂದೇ ಓಣಿಯವರಾದರೆ ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ವಾಟ್ಸಾಪಿನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಡಿಪಿ, ಸ್ಟೇಟಸ್, 'ಗ್ರೂಪಿಗೆ ಯಾರು ಸೇರಿಸಬಹುದು' ಎಲ್ಲವನ್ನೂ 'ನನ್ನ ಕಾಂಟ್ಯಾಕ್ಟ್‌ಗಳು' ಎಂದಿಡಿ. ಗುರುತಿಲ್ಲದ ಕರೆಗಳನ್ನು ಸೈಲೆಂಟ್ ಮಾಡುವ ಆಯ್ಕೆಯೂ ಅಲ್ಲೇ ಇದೆ. ಎರಡು ಹಂತದ ಪರಿಶೀಲನೆ, ಅಂದರೆ ಓಟಿಪಿ ಜೊತೆಗೆ ಇನ್ನೊಂದು 6 ಅಂಕಿಯ ಪಿನ್, ಹಾಕಿಕೊಳ್ಳಿ. ಫೇಸ್‌ಬುಕ್ಕಿನಲ್ಲಿ ಪ್ರೊಫೈಲ್ ಲಾಕ್ ಮಾಡಿ.

'ಲಿಂಕ್ಡ್ ಡಿವೈಸಸ್' ಪುಟವನ್ನು ತಪ್ಪದೆ ನೋಡಿ. ನಿಮ್ಮ ವಾಟ್ಸಾಪ್ ಬೇರೆ ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದಿದೆ ಎಂದು ಅಲ್ಲಿ ಕಾಣುತ್ತದೆ. ಗುರುತಿಲ್ಲದ್ದು ಇದ್ದರೆ ಲಾಗೌಟ್ ಮಾಡಿ. "ನಮ್ಮ ಮಾತೆಲ್ಲಾ ಅವನಿಗೆ ಹೇಗೆ ಗೊತ್ತಾಗುತ್ತೆ?" ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗಬಹುದು. ಫೋನ್ ಕೊಂಡಾಗ ಜಿಮೇಲ್ ಮಾಡಿಕೊಟ್ಟ ಅಂಗಡಿಯವರಿಗೋ ಸಂಬಂಧಿಕರಿಗೋ ಪಾಸ್‌ವರ್ಡ್ ಗೊತ್ತಿದ್ದರೆ ಇವತ್ತೇ ಬದಲಾಯಿಸಿ.

4. ಖಾಸಗಿ ಫೋಟೋ ಹರಿದಾಡುತ್ತಿದ್ದರೆ

ಇದಕ್ಕೆ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕು. ನಗ್ನ, ಅರೆನಗ್ನ ಫೋಟೋ, ತಿರುಚಿ ಮಾಡಿದ ಚಿತ್ರ, ನಿಮ್ಮ ಹೆಸರಿನ ನಕಲಿ ಅಕೌಂಟ್ ಇವುಗಳ ಬಗ್ಗೆ ನೀವೇ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಆಗಬೇಕು ಎಂದು 2021ರ ಐಟಿ ನಿಯಮಗಳು ಬಂದಾಗಲೇ ಕಂಪನಿಗಳಿಗೆ ಗಡುವು ಹಾಕಿದ್ದವು. ಆ್ಯಪ್‌ನ ರಿಪೋರ್ಟ್ ಬಟನ್ ಜೊತೆಗೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಅವರ ವಿಳಾಸ ಆ್ಯಪ್‌ನ ಸಹಾಯ ಪುಟದಲ್ಲಿ ಇರುತ್ತದೆ. ಅಲ್ಲೂ ನ್ಯಾಯ ಸಿಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು.

ಫೋಟೋ ಇನ್ನೂ ಹರಡಿಲ್ಲ, ಹಾಕ್ತೀನಿ ಅಂತ ಹೆದರಿಸುತ್ತಿದ್ದಾನೆ ಎಂದಾದರೆ 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ತಾಣವಿದೆ. ನಿಮ್ಮ ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ. ಅದರಿಂದ 'ಹ್ಯಾಶ್' ಎಂಬ ಅಂಕಿ-ಅಕ್ಷರಗಳ ಗುರುತು ಮಾತ್ರ ತಯಾರಾಗಿ ಅಲ್ಲಿಗೆ ಹೋಗುತ್ತದೆ. ಹೆಬ್ಬೆಟ್ಟಿನ ಗುರುತಿನಿಂದ ಮನುಷ್ಯನನ್ನು ಪತ್ತೆ ಮಾಡಿದ ಹಾಗೆ, ಅದೇ ಫೋಟೋವನ್ನು ಯಾರಾದರೂ ಏರಿಸಿದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಪಾಲುದಾರ ಕಂಪನಿಗಳು ಹಿಡಿಯುತ್ತವೆ. ಇದು 18 ವರ್ಷ ದಾಟಿದವರಿಗೆ. ಫೋಟೋ ತೆಗೆದಾಗ 18 ತುಂಬಿರದಿದ್ದರೆ 'ಟೇಕ್ ಇಟ್ ಡೌನ್' ಎಂಬ ಇನ್ನೊಂದು ತಾಣವಿದೆ. ಆದರೆ ವಾಟ್ಸಾಪಿನ ಖಾಸಗಿ ಚಾಟ್‌ಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿರುವುದನ್ನು ಇದು ತಡೆಯುವುದಿಲ್ಲ. ಅದಕ್ಕೆ ಪೊಲೀಸರೇ ದಾರಿ.

ಎಚ್ಚರ: "ಫೋಟೋ ತೆಗೆಸಿಕೊಡ್ತೀವಿ, ಅಕೌಂಟ್ ಹ್ಯಾಕ್ ಮಾಡ್ತೀವಿ" ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ನಿಮ್ಮ ಫೋಟೋ ಇನ್ನೊಬ್ಬ ಕಳ್ಳನ ಕೈಗೆ ಹೋಗುತ್ತದೆ, ಅಷ್ಟೇ.

5. ಮನೆಯಲ್ಲಿ ಹೇಳಿ, ರಾಜಿ ಪಂಚಾಯ್ತಿಗೆ ಅವಸರ ಬೇಡ

ನಮ್ಮ ಕಡೆ ಹೆಣ್ಣುಮಕ್ಕಳು ಹೇಳದೆ ಇರುವುದಕ್ಕೆ ಕಾರಣ ಕಾಡುವವನ ಭಯಕ್ಕಿಂತ ಮನೆಯ ಭಯ. ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ. ಇದು ಕಾಡುವವನಿಗೂ ಚೆನ್ನಾಗಿ ಗೊತ್ತು. "ನಿಮ್ಮಪ್ಪನಿಗೆ ಕಳಿಸ್ತೀನಿ" ಎನ್ನುವುದೇ ಅವನ ದೊಡ್ಡ ಆಯುಧ. ಅಪ್ಪನಿಗೆ ಮೊದಲೇ ಗೊತ್ತಿದ್ದರೆ ಆ ಆಯುಧ ಮೊಂಡಾಯಿತು, ಅಲ್ವಾ? ನೇರ ಅಪ್ಪನಿಗೆ ಹೇಳಲು ಆಗದಿದ್ದರೆ ಅವ್ವ, ಅತ್ತಿಗೆ, ಸೋದರಮಾವ ಹೀಗೆ ಒಬ್ಬರಿಂದ ಶುರು ಮಾಡಿ. ಇದನ್ನು ಓದುತ್ತಿರುವ ತಂದೆತಾಯಿಗಳೇ, ಮಗಳ ಫೋನ್ ಕಸಿದುಕೊಂಡರೆ ಪುರಾವೆಯೂ ಹೋಗುತ್ತದೆ, ಮುಂದೆ ಅವಳು ನಿಮಗೆ ಏನನ್ನೂ ಹೇಳುವುದಿಲ್ಲ.

ಮಕ್ಕಳಿಗೆ ನೇರವಾಗಿ 1098 ಇದೆ. ಹೆಣ್ಣುಮಕ್ಕಳಿಗೆ 181. ಕಾಲೇಜಿನ ಗ್ರೂಪಿನಲ್ಲಿ ಸೀನಿಯರ್‌ಗಳ ಕಾಟ ಆದರೆ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗುತ್ತಿದ್ದರೆ ಆಂತರಿಕ ಸಮಿತಿಗೆ, ಅದು ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬೇಕು. ಮೆಸೇಜಿನಲ್ಲಿ ನಡೆದದ್ದೂ ಅದರಲ್ಲಿ ಬರುತ್ತದೆ.

ಹುಡುಗ ಊರಿನವನೇ ಎಂದು ತಿಳಿದ ಕೂಡಲೇ ಹಿರಿಯರು ಕೂಡುತ್ತಾರೆ. "ತಪ್ಪಾತು, ಇನ್ನೊಮ್ಮೆ ಮಾಡಂಗಿಲ್ಲ" ಎಂದು ಹೇಳಿಸಿ ಎದ್ದು ಹೋಗುತ್ತಾರೆ. ಫೋಟೋ ಮಾತ್ರ ಅವನ ಫೋನಿನಲ್ಲೂ, ಅವನ ಗೆಳೆಯರ ಫೋನಿನಲ್ಲೂ ಹಾಗೇ ಉಳಿಯುತ್ತದೆ. ಬರೀ ಬೈಗುಳದ ಜಗಳವಾದರೆ ಹಿರಿಯರ ಮಾತು ಸಾಕಾಗಬಹುದು. ಫೋಟೋ, ಬೆದರಿಕೆ, ದುಡ್ಡು ಈ ಮೂರರಲ್ಲಿ ಯಾವುದಿದ್ದರೂ ಪಂಚಾಯ್ತಿಗೆ ಮೊದಲು ದೂರು ಆಗಿರಲಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧವಾದರೆ, ಅಂದರೆ ಪೋಕ್ಸೋ ಕಾಯ್ದೆಯ ವಿಷಯವಾದರೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಅಲ್ಲಿ ಹಿರಿಯರ ರಾಜಿಗೆ ಜಾಗವಿಲ್ಲ.

6. ದೂರು ಕೊಡಿ

ಮೂರು ದಾರಿಗಳಿವೆ: ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ (ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್), ಜಿಲ್ಲೆಯ ಸಿಇಎನ್ ಠಾಣೆ, ನಿಮ್ಮ ಹತ್ತಿರದ ಪೊಲೀಸ್ ಠಾಣೆ.

ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳಿಗೆ ಬೇರೆ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆ ದೂರು ಎಲ್ಲಿಗೆ ಬಂತು ಎಂದು ಆಮೇಲೆ ನೋಡಲಾಗುವುದಿಲ್ಲ. ಆನ್‌ಲೈನ್ ಸೆಂಟರಿನಲ್ಲಿ ತುಂಬಿಸುವವರು ಹುಷಾರು. ಅವರು ಬೇಗ ಆಗಲಿ ಎಂದು ಓಟಿಪಿಗೆ ತಮ್ಮ ನಂಬರನ್ನೇ ಹಾಕಿಬಿಡುತ್ತಾರೆ. ಆಮೇಲೆ ಬರುವ ಸಂದೇಶಗಳೆಲ್ಲ ಅವರಿಗೇ ಹೋಗುತ್ತವೆ. ನಿಮ್ಮ ನಂಬರ್ ಹಾಕಿಸಿ, ಸ್ವೀಕೃತಿ ಸಂಖ್ಯೆ ಬರೆದುಕೊಳ್ಳಿ. ಪೋರ್ಟಲ್‌ನಲ್ಲಿ ಕೊಟ್ಟ ದೂರು ಎಫ್‌ಐಆರ್ ಅಲ್ಲ. ಗಂಭೀರ ವಿಷಯವಾದರೆ ಠಾಣೆಗೂ ಹೋಗಿ.

ಸಿಇಎನ್ ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಠಾಣೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದೀರಿ, ಬಳ್ಳಾರಿಯವರೆಗೆ ಬರುವುದು ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಪಿಎಸ್‌ಐ ಇರುವ ಸಣ್ಣ ಠಾಣೆಯಲ್ಲಿ "ಸಿಇಎನ್‌ಗೆ ಹೋಗ್ರಿ" ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೂ ಲಿಂಗಸುಗೂರಿನಿಂದ ರಾಯಚೂರಿಗೆ ಹೋಗಿಬರಲು ಆಗದವರು ಅಲ್ಲೇ ದೂರು ಕೊಡಬಹುದು. ಅಪರಾಧ ಯಾವ ಹದ್ದಿನಲ್ಲೇ ನಡೆದಿರಲಿ, ದೂರು ಬಂದ ಠಾಣೆಯಲ್ಲೇ ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಬೇಕು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ನಮ್ಮವು ಗಡಿ ಜಿಲ್ಲೆಗಳು. ಕಾಡುವವನು ಆದೋನಿಯಲ್ಲೋ ಗದ್ವಾಲದಲ್ಲೋ ಇರಬಹುದು, ನೀವು ದುಡಿಯಲು ಬೆಂಗಳೂರಿಗೆ ಹೋಗಿರಬಹುದು. ಯಾವುದೂ ಅಡ್ಡಿಯಲ್ಲ.

ದೂರು ಸರಳವಾಗಿರಲಿ. ಮೇಲೆ "ಇವರಿಗೆ, ಪೊಲೀಸ್ ಇನ್‌ಸ್ಪೆಕ್ಟರ್", ಆಮೇಲೆ ನಿಮ್ಮ ಹೆಸರು, ವಯಸ್ಸು, ಊರು, ಫೋನ್ ನಂಬರ್. ನಂತರ ನೋಟ್‌ಬುಕ್ಕಿನಿಂದ ದಿನಾಂಕದ ಪ್ರಕಾರ ಏನೇನಾಯಿತು. ನಂಬರುಗಳು, ಲಿಂಕುಗಳು ತಪ್ಪಿಲ್ಲದೆ ಇರಲಿ. ಯಾರ ಮೇಲಾದರೂ ಅನುಮಾನ ಇದ್ದರೆ "ಅನುಮಾನವಿದೆ" ಎಂದೇ ಬರೆಯಿರಿ, ಅವನೇ ಅಂತ ಬರೆಯಬೇಡಿ. ಹೊಲಸು ಮಾತುಗಳನ್ನು ಬರೆಯಲು ಸಂಕೋಚ ಸಹಜ. ಆದರೂ "ಅವಾಚ್ಯ ಶಬ್ದ" ಎಂದು ಬಿಟ್ಟರೆ ದೂರು ಬಲ ಕಳೆದುಕೊಳ್ಳುತ್ತದೆ. ಜಾತಿ ಹಿಡಿದು ಬೈದಿದ್ದರಂತೂ ಆ ಮಾತನ್ನು ಇದ್ದ ಹಾಗೇ ಬರೆಯಿರಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ 1989ರ ದೌರ್ಜನ್ಯ ತಡೆ ಕಾಯ್ದೆ ಹಚ್ಚಲು ಆ ಮಾತೇ ಬೇಕು.

ಕಲಂ ನಂಬರ್ ಬರೆಯುವ ಜವಾಬ್ದಾರಿ ನಿಮ್ಮದಲ್ಲ. ದೂರು ಬರೆದುಕೊಡುವ ಕೆಲವರು ಹಳೇ ರೂಢಿಯಲ್ಲಿ 66ಎ ಎಂದು ಹಾಕುತ್ತಾರೆ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ತಿಳಿದಿರಲಿ ಎಂದು ಇಷ್ಟು ಹೇಳುತ್ತೇನೆ: ಐಟಿ ಕಾಯ್ದೆಯಲ್ಲಿ ಬೇರೆಯವರ ಪಾಸ್‌ವರ್ಡ್, ಗುರುತು ಕದಿಯುವುದಕ್ಕೆ 66ಸಿ, ಇನ್ನೊಬ್ಬರಂತೆ ನಟಿಸಿ ವಂಚಿಸುವುದಕ್ಕೆ 66ಡಿ, ಖಾಸಗಿ ಅಂಗದ ಫೋಟೋ ತೆಗೆದು ಹಂಚುವುದಕ್ಕೆ 66ಇ, ಅಶ್ಲೀಲ ಹಂಚಿಕೆಗೆ 67, ಲೈಂಗಿಕ ಕ್ರಿಯೆಯದ್ದಾದರೆ 67ಎ, ಮಕ್ಕಳದ್ದಾದರೆ 67ಬಿ.

"ಅವನು ಅಕೌಂಟನ್ನೇ ಡಿಲೀಟ್ ಮಾಡಿಬಿಟ್ಟ, ಇನ್ನೇನು ಉಪಯೋಗ?" ಅಂತ ಕೇಳುವವರಿದ್ದಾರೆ. ಅಕೌಂಟ್ ಅಳಿಸಿದರೂ ಅದನ್ನು ತೆರೆದಾಗ ಕೊಟ್ಟ ವಿವರವನ್ನು ಕಂಪನಿ 180 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮವಿದೆ. ಹಾಗಾಗಿ ಉಪಯೋಗ ಇದೆ, ಆದರೆ ವರ್ಷ ಕಳೆದು ಹೋದರೆ ಇಲ್ಲದೆ ಇರಬಹುದು.

7. ಠಾಣೆಯಲ್ಲಿ "ಆಮೇಲೆ ಬರ್ರಿ" ಎಂದರೆ

ಬರಿಗೈಯಲ್ಲಿ ವಾಪಸ್ ಬರಬೇಡಿ. ದೂರಿನ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಪ್ರಕರಣ ದಾಖಲಿಸುವುದಿಲ್ಲ ಎಂದರೆ ಕಾರಣ ಬರೆದ ಹಿಂಬರಹ ಕೇಳಿ. ಬರೀ ಬೈಗುಳವಾದರೆ ನ್ಯಾಯಾಧೀಶರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಂದರ್ಭಗಳೂ ಇವೆ. ಅದು ನೆಪವೋ ನಿಜವೋ ಎನ್ನುವುದು ಹಿಂಬರಹ ನೋಡಿದರೆ ವಕೀಲರಿಗೆ ತಿಳಿಯುತ್ತದೆ. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತ.

ತೆಗೆದುಕೊಳ್ಳಲೇ ಇಲ್ಲ ಎಂದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಂದರೆ ಎಸ್‌ಪಿಗೆ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಬರದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ವಕೀಲರಿಗೆ ದುಡ್ಡಿಲ್ಲ ಎನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.

ತನಿಖೆಗೆ ಫೋನ್ ಒಪ್ಪಿಸಬೇಕಾಗಿ ಬಂದರೆ ಅದಕ್ಕೂ ರಸೀದಿ ಪಡೆಯಿರಿ. ದೂರು ಕೊಟ್ಟ ಮೇಲೆ "ಸೈಬರ್ ಪೊಲೀಸ್ ಮಾತಾಡ್ತಿರೋದು, ಕೇಸ್ ಮುಂದೆ ಹೋಗ್ಬೇಕಂದ್ರೆ ಇಷ್ಟು ಕಳಿಸ್ರಿ" ಎಂದು ಯಾರಾದರೂ ಕರೆ ಮಾಡಿದರೆ ಅವನು ಪೊಲೀಸ್ ಅಲ್ಲ, ಕಳ್ಳ.

8. ತಲೆಗೂ ಸ್ವಲ್ಪ ಬಿಡುವು ಕೊಡಿ

ನಿದ್ದೆ ಬರುವುದಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಹೊರಗೆ ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತದೆ. ಇದೆಲ್ಲ ಆಗುತ್ತದೆ. ನೀವು ಅಳ್ಳೆದೆಯವರು ಅಂತ ಅರ್ಥ ಅಲ್ಲ. ಕಮೆಂಟ್‌ಗಳನ್ನು ನೋಡುವ ಕೆಲಸವನ್ನು ಕೆಲವು ದಿನ ನಿಮ್ಮ ಜೊತೆಯವರಿಗೆ ಬಿಡಿ. ಹೊಸ ಪುರಾವೆ ಬಂದರೆ ಅವರೇ ಬರೆದಿಡಲಿ.

ಟೆಲಿಮನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅನಿಸಿದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ನಾವೆಲ್ಲ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಡಾಕ್ಟರ್ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಜೀವ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ. ಈಗಲೇ ಯಾರನ್ನಾದರೂ ಹತ್ತಿರ ಕೂರಿಸಿಕೊಂಡು 14416 ಒತ್ತಿ.

ಬೇರೆಯವರ ಫೋಟೋ ನಿಮ್ಮ ಗ್ರೂಪಿಗೆ ಬಂದರೆ

ಕಳಿಸಿದವರ ನಂಬರ್, ದಿನಾಂಕ, ಸಮಯ ಬರೆದುಕೊಳ್ಳಿ. ಫೋಟೋ ಸೇವ್ ಮಾಡಬೇಡಿ, "ಯಾರಿದು ನೋಡ್ರಿ" ಎಂದು ಮುಂದೆ ಕಳಿಸಬೇಡಿ. ನೀವು ಅಡ್ಮಿನ್ ಆಗಿದ್ದರೆ ಮೊದಲು ನೊಂದವರಿಗೆ ಅಥವಾ ಅವರ ಮನೆಯವರಿಗೆ ಫೋನ್ ಮಾಡಿ ನಂಬರ್, ಸಮಯ ತಿಳಿಸಿ. ಆಮೇಲೆ ಆ ಮೆಸೇಜನ್ನು ಎಲ್ಲರಿಗೂ ಡಿಲೀಟ್ ಆಗುವಂತೆ ಅಳಿಸಿ, ಕಳಿಸಿದವನನ್ನು ಗ್ರೂಪಿನಿಂದ ತೆಗೆಯಿರಿ.